ಬಿಹಾರದ ಕೆಟ್ಟ ಹೆಸರು ಯಾರ ಪಾಲಿನದು?

ನಮ್ಮ ಬೀದಿಯ ಕೊನೆಯಲ್ಲಿ ಎರಡು ವರ್ಷದಿಂದ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಅಲ್ಲಿ ಕಂಬಿ ಕಟ್ಟುವ ಹುಡುಗನೊಬ್ಬ ಕಳೆದ ವರ್ಷ ಹೆಂಡತಿಯನ್ನು ಊರಿಂದ ಕರೆಸಿಕೊಳ್ಳಬೇಕೆಂದು ಬಾಡಿಗೆ ಮನೆ ಹುಡುಕುತ್ತಿದ್ದ. ಮಾತಿಗೆ ಅನುಕೂಲವಾಗಲೆಂದು ನಾನೂ ಜೊತೆಗೆ ಹೋದೆ. ಮನೆಯವರು ‘ಯಾವ ಊರಪ್ಪಾ?’ ಎಂದು ಕೇಳಿದಾಗಲೆಲ್ಲ ‘ಬನಾರಸ್ ಕಡೆ’ ಎನ್ನುತ್ತಿದ್ದ. ಮೂರನೇ ಮನೆಯಲ್ಲಿ ಎಲ್ಲ ಕುದುರಿತು. ಅಡ್ವಾನ್ಸಿನ ಮಾತಾಯಿತು, ಕರೆಂಟ್ ಬಿಲ್ಲಿನ ಮಾತಾಯಿತು. ಕೊನೆಗೆ ಆಧಾರ್ ಜೆರಾಕ್ಸ್ ಕೊಟ್ಟ. ಅದರಲ್ಲಿ ಕಟಿಹಾರ್ ಜಿಲ್ಲೆ, ಬಿಹಾರ ಎಂದಿತ್ತು. ಮನೆಯ ಯಜಮಾನರು ಹಾಳೆಯನ್ನು ಎರಡು ಸಲ ತಿರುವಿ ನೋಡಿದರು. ಮಗಳು ಅಳಿಯ ಬರುವವರಿದ್ದಾರೆ, ಮನೆ ಅವರಿಗೇ ಬೇಕಾಗುತ್ತೆ ಎಂದರು. ವಾಪಸ್ ಬರುವ ದಾರಿಯಲ್ಲಿ ‘ಸುಳ್ಳು ಯಾಕೆ ಹೇಳಿದೆ?’ ಎಂದು ಕೇಳಿದೆ. ‘ಬಿಹಾರ ಅಂದ್ರೆ ಗೇಟಿನಲ್ಲೇ ಇಲ್ಲ ಅಂತಾರೆ ಸರ್. ಬನಾರಸ್ ಅಂದ್ರೆ ಮನೆ ತೋರಿಸೋಕಾದ್ರೂ ಒಳಗೆ ಬಿಡ್ತಾರೆ’ ಎಂದ.

ಒಂದು ರಾಜ್ಯಕ್ಕೆ ಹೊರಗಿನವರ ನಡುವೆ ಬಂದಿರುವ ಕೆಟ್ಟ ಹೆಸರು ಅದಕ್ಕೆ ತಕ್ಕದ್ದೇ ಅಲ್ಲವೇ ಎಂಬ ಪ್ರಶ್ನೆ ಬಿಹಾರದ ಮಟ್ಟಿಗೆ ಹಳೆಯದು. ಉತ್ತರಗಳೂ ಹಳೆಯವೇ. ‘ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ?’ ಎನ್ನುವವರು ಒಂದು ಕಡೆ. ನಾಳಂದ, ವೈಶಾಲಿ, ಬುದ್ಧ, ಮಹಾವೀರ, ಅಶೋಕ ಎಂದು ಹೆಸರುಗಳ ಮಾಲೆ ಕಟ್ಟುವವರು ಇನ್ನೊಂದು ಕಡೆ. ನನಗೆ ಎರಡೂ ಸಾಲದು. ಎರಡು ಸಾವಿರ ವರ್ಷದ ಹಿಂದಿನ ವೈಭವ ಇಂದಿನ ಆಸ್ಪತ್ರೆಗೆ ವೈದ್ಯರನ್ನು ತಂದುಕೊಡುವುದಿಲ್ಲ. ಹಾಗೆಯೇ, ಹೊಗೆಯನ್ನು ನೋಡಿದವನು ಬೆಂಕಿ ಹಚ್ಚಿದವರು ಯಾರು, ಸುಟ್ಟುಕೊಂಡವರು ಯಾರು ಎಂದೂ ಕೇಳಬೇಕು.

ಮೊದಲು ಬೆಂಕಿಯನ್ನೇ ನೋಡೋಣ. ಅದನ್ನು ಮುಚ್ಚಿಟ್ಟು ಬಿಹಾರದ ಪರ ಮಾತಾಡಿದರೆ ಬಿಹಾರಿಗಳಿಗೇ ಅನ್ಯಾಯ. ತಲಾ ಆದಾಯದಲ್ಲಿ ಅದು ರಾಜ್ಯಗಳ ಪೈಕಿ ಕಟ್ಟಕಡೆಯದು. ದೇಶದ ಸರಾಸರಿಯ ಸುಮಾರು ಮೂರನೇ ಒಂದರಷ್ಟು. ಕರ್ನಾಟಕದವರ ತಲಾ ಆದಾಯ ಅಲ್ಲಿಯವರದರ ಐದು ಪಟ್ಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 61.8, ದೇಶದಲ್ಲೇ ಕಡಿಮೆ. 2023ರ ಅಕ್ಟೋಬರ್ 2ರಂದು ಮೊದಲ ಅಂಕಿಗಳು ಹೊರಬಿದ್ದ ಜಾತಿ ಸಮೀಕ್ಷೆಯ ಪ್ರಕಾರ ಅಲ್ಲಿನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳ ತಿಂಗಳ ಆದಾಯ 6,000 ರೂಪಾಯಿ ದಾಟುವುದಿಲ್ಲ. 2019ರ ಬೇಸಿಗೆಯಲ್ಲಿ ಮುಜಫ್ಫರ್‌ಪುರದ ಸುತ್ತ ಮೆದುಳು ಜ್ವರಕ್ಕೆ ನೂರಕ್ಕೂ ಹೆಚ್ಚು ಬಡ ಮಕ್ಕಳು ತೀರಿಕೊಂಡವು. 2024ರ ಮಳೆಗಾಲದಲ್ಲಿ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಸೇತುವೆಗಳು ಕುಸಿದವು. ಗಂಗೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸುಲ್ತಾನ್‌ಗಂಜ್–ಅಗುವಾನಿ ಸೇತುವೆಯೊಂದೇ 2022, 2023, 2024ರಲ್ಲಿ ಮೂರು ಸಲ ಮುರಿದು ನೀರಿಗೆ ಬಿತ್ತು. ಈ ಯಾವುದೂ ಹೊರಗಿನವರು ಕಟ್ಟಿದ ಕತೆಯಲ್ಲ.

ಅಪರಾಧದ ಲೆಕ್ಕ ಮಾತ್ರ ಜನ ಅಂದುಕೊಂಡ ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಬಿಹಾರದಲ್ಲಿ ನಡೆದ ಕೊಲೆಗಳು 2,930. ಸಂಖ್ಯೆಯಲ್ಲಿ ಉತ್ತರ ಪ್ರದೇಶದ ನಂತರದ ಸ್ಥಾನ. ಆದರೆ ಜನಸಂಖ್ಯೆಗೆ ಹೋಲಿಸಿದರೆ ಲಕ್ಷಕ್ಕೆ 2.3, ದೇಶದ ಸರಾಸರಿ 2.1. ಹರಿಯಾಣದಲ್ಲೂ ಜಾರ್ಖಂಡಿನಲ್ಲೂ ಈ ಪ್ರಮಾಣ ಇನ್ನೂ ಹೆಚ್ಚು, ಆದರೂ ಹರಿಯಾಣದವನೆಂದು ಗೊತ್ತಾದ ಕೂಡಲೇ ಯಾರೂ ಮನೆ ಇಲ್ಲ ಎನ್ನುವುದಿಲ್ಲ. ಒಟ್ಟು ಅಪರಾಧಗಳ ಪ್ರಮಾಣವಂತೂ ಬಿಹಾರದಲ್ಲಿ ದೇಶದ ಸರಾಸರಿಗಿಂತ ಕಡಿಮೆ. ಇದನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. ಬಡವನ ದೂರನ್ನು ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಅಂಕಿ ತಾನಾಗಿಯೇ ಇಳಿಯುತ್ತದೆ. ದೂರು ಸರಿಯಾಗಿ ದಾಖಲಾಗುವ ಕೇರಳದ ಅಂಕಿ ಏರುತ್ತದೆ. ಆದರೆ ಕೊಲೆಯನ್ನು ಮುಚ್ಚಿಡುವುದು ಸುಲಭವಲ್ಲ. ಹಾಗಾಗಿ ಕೊಲೆಯ ಅಂಕಿಯನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕಾಗುತ್ತದೆ.

ಹೆಸರು ಕೆಡುವುದಕ್ಕೆ ಒಂದು ಪದ ಬೇಕು. ಬಿಹಾರಕ್ಕೆ ಎರಡು ಸಿಕ್ಕವು. ಎಂಬತ್ತರ ದಶಕದ ನಡುವೆ ಜನಸಂಖ್ಯಾ ತಜ್ಞ ಆಶಿಶ್ ಬೋಸ್ ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಮೊದಲಕ್ಷರ ಸೇರಿಸಿ ‘ಬಿಮಾರು’ ಎಂದರು. ಹಿಂದಿಯಲ್ಲಿ ‘ಬೀಮಾರ್’ ಎಂದರೆ ಕಾಯಿಲೆಯವನು. ಅವರು ಹೇಳಹೊರಟದ್ದು ಜನಸಂಖ್ಯೆ ಮತ್ತು ಆರೋಗ್ಯದ ಸ್ಥಿತಿ. ಜನ ಕೇಳಿಸಿಕೊಂಡದ್ದು ಬೈಗುಳ. ಎರಡನೆಯದು ‘ಜಂಗಲ್ ರಾಜ್’. 1997ರಲ್ಲಿ ಪಟ್ನಾ ಹೈಕೋರ್ಟು ಈ ಮಾತನ್ನಾಡಿದ್ದು ಪಟ್ನಾ ನಗರದ ಚರಂಡಿ, ನೀರು ನಿಲ್ಲುವಿಕೆಯಂಥ ನಾಗರಿಕ ಸೌಕರ್ಯದ ಪ್ರಕರಣವೊಂದರಲ್ಲಿ. ಅಲ್ಲಿಂದ ಅದು ರಾಜಕೀಯ ಭಾಷಣಕ್ಕೆ ಹತ್ತಿ, ಲಾಲು ಪ್ರಸಾದ್–ರಾಬ್ಡಿ ದೇವಿ ದಂಪತಿಯ ಇಡೀ ಹದಿನೈದು ವರ್ಷದ ಆಡಳಿತದ ಇನ್ನೊಂದು ಹೆಸರಾಯಿತು.

ಆ ಹದಿನೈದು ವರ್ಷಗಳ ಬಗ್ಗೆ ನನ್ನ ನಿಲುವನ್ನು ನೇರವಾಗಿ ಹೇಳುತ್ತೇನೆ. ಪಶುಸಂಗೋಪನಾ ಇಲಾಖೆಯ ಖಜಾನೆಯಿಂದ ನೂರಾರು ಕೋಟಿ ಲೂಟಿಯಾದ ಮೇವು ಹಗರಣ 1996ರಲ್ಲಿ ಚಾಯ್ಬಾಸಾದಲ್ಲಿ ಬಯಲಾಯಿತು. ಲಾಲು ಪ್ರಸಾದರಿಗೆ 2013ರಲ್ಲಿ ಶಿಕ್ಷೆಯಾಯಿತು. ಹಣಕ್ಕಾಗಿ ಅಪಹರಿಸುವುದು ಒಂದು ಕಸುಬೇ ಆಗಿತ್ತು. ವೈದ್ಯರು, ವ್ಯಾಪಾರಿಗಳು ಊರು ಬಿಟ್ಟರು. 1994ರಲ್ಲಿ ಗೋಪಾಲ್‌ಗಂಜ್‌ನ ಜಿಲ್ಲಾಧಿಕಾರಿ ಜಿ. ಕೃಷ್ಣಯ್ಯನವರನ್ನು ಗುಂಪೊಂದು ಹಾಡಹಗಲೇ ಕೊಂದಿತು. ಇದನ್ನೆಲ್ಲ ಮರೆಸಲು ಯಾವ ಸಾಮಾಜಿಕ ನ್ಯಾಯದ ಮಾತೂ ಸಾಲದು. ಆದರೆ ಬಿಹಾರದ ಕಾಡು ಲಾಲು ಅಧಿಕಾರಕ್ಕೆ ಬಂದ 1990ರಲ್ಲಿ ಹುಟ್ಟಿದ್ದಲ್ಲ. ಬೆಲ್ಛಿಯಲ್ಲಿ ಹನ್ನೊಂದು ಜನರನ್ನು ಬೆಂಕಿಗೆ ಹಾಕಿ ಕೊಂದದ್ದು 1977ರಲ್ಲಿ. ಭಾಗಲ್ಪುರದ ಪೊಲೀಸರು ವಿಚಾರಣೆ ಕೈದಿಗಳ ಕಣ್ಣಿಗೆ ಸೂಜಿ ಚುಚ್ಚಿ ಆ್ಯಸಿಡ್ ಹಾಕಿ ಕುರುಡಾಗಿಸಿದ್ದು 1979–80ರಲ್ಲಿ. ಅದೇ ಊರಿನ ಕೋಮುಗಲಭೆ ಸುಮಾರು ಸಾವಿರ ಜನರನ್ನು ಬಲಿ ತೆಗೆದುಕೊಂಡದ್ದು 1989ರಲ್ಲಿ. ಮೇವು ಹಗರಣದಲ್ಲಿ ಶಿಕ್ಷೆಯಾದವರಲ್ಲಿ ಲಾಲು ಅವರಿಗಿಂತ ಮೊದಲು ಮುಖ್ಯಮಂತ್ರಿಯಾಗಿದ್ದ ಜಗನ್ನಾಥ ಮಿಶ್ರರೂ ಇದ್ದರು. ಆಗೆಲ್ಲ ಯಾರಿಗೂ ಕಾಡಿನ ನೆನಪಾಗಲಿಲ್ಲ. ಎಮ್ಮೆ ಮೇಯಿಸುತ್ತಿದ್ದವರ ಮನೆಯ ಮಗ ಆ ಕುರ್ಚಿಯಲ್ಲಿ ಕುಳಿತ ಮೇಲೆ ಕಾಡಿಗೆ ಹೆಸರು ಬಂತು. ಅದೇ ಮನುಷ್ಯ 1990ರ ಅಕ್ಟೋಬರಿನಲ್ಲಿ ಸಮಸ್ತಿಪುರದಲ್ಲಿ ಅಡ್ವಾಣಿಯವರ ರಥಯಾತ್ರೆಯನ್ನು ತಡೆದರು ಎಂಬುದೂ, ಭಾಗಲ್ಪುರದಂಥ ಗಲಭೆ ಅವರ ಕಾಲದಲ್ಲಿ ಮರುಕಳಿಸಲಿಲ್ಲ ಎಂಬುದೂ ಲೆಕ್ಕಕ್ಕೆ ಸೇರಬೇಕು.

ಇಲ್ಲಿ ಒಂದು ಊರಿನ ಬಳಿ ಸ್ವಲ್ಪ ನಿಲ್ಲಬೇಕು. ಸೋನ್ ನದಿಯ ದಂಡೆಯಲ್ಲಿ ಲಕ್ಷ್ಮಣಪುರ ಬಾಥೆ ಎಂಬ ಹಳ್ಳಿ ಇದೆ. 1997ರ ಡಿಸೆಂಬರ್ 1ರ ರಾತ್ರಿ ಭೂಮಾಲೀಕರ ಪಡೆಯಾದ ರಣವೀರ ಸೇನೆಯವರು ದೋಣಿಯಲ್ಲಿ ನದಿ ದಾಟಿ ಬಂದರು. ದಲಿತರ ಕೇರಿಯ ಬಾಗಿಲುಗಳನ್ನು ಒಡೆದು 58 ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಹೋಗುವಾಗ ತಮ್ಮನ್ನು ದಾಟಿಸಿದ ಅಂಬಿಗರನ್ನೂ ಉಳಿಸಲಿಲ್ಲ. 2010ರಲ್ಲಿ ಕೆಳಗಿನ ನ್ಯಾಯಾಲಯ 26 ಜನರನ್ನು ತಪ್ಪಿತಸ್ಥರೆಂದಿತು. 2013ರಲ್ಲಿ ಪಟ್ನಾ ಹೈಕೋರ್ಟು ಸಾಕ್ಷ್ಯ ಸಾಲದೆಂದು ಅಷ್ಟೂ ಜನರನ್ನು ಬಿಟ್ಟಿತು. ಆ 58 ಜನರೂ ಬಿಹಾರಿಗಳೇ. ಅವರ ನೆಂಟರಿಷ್ಟರೇ ಇಂದು ಲೂಧಿಯಾನದ ಗದ್ದೆಯಲ್ಲಿ, ಸೂರತ್ತಿನ ಗಿರಣಿಯಲ್ಲಿ, ನಮ್ಮ ಸರ್ಜಾಪುರ ರಸ್ತೆಯ ಕಟ್ಟಡಗಳಲ್ಲಿ ದುಡಿಯುತ್ತಿರುವವರು. ಬಿಹಾರಿ ಎಂದರೆ ಗೂಂಡಾ ಎನ್ನುವ ಮಾತು ಬಂದು ತಟ್ಟುವುದು ಗೂಂಡಾಗಿರಿಗೆ ಮೊದಲು ಬಲಿಯಾದವರಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು ಇದೇ.

ಬಿಹಾರ ಹೀಗೇಕಾಯಿತು ಎನ್ನುವುದಕ್ಕೆ ವಿದ್ವಾಂಸರು ಕೊಡುವ ಕಾರಣಗಳಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು ಭೂಮಿಯದು. 1793ರಲ್ಲಿ ಕಾರ್ನ್‌ವಾಲಿಸ್ ತಂದ ಕಾಯಂ ಗುತ್ತಾ ಪದ್ಧತಿಯಲ್ಲಿ ಕಂದಾಯ ಶಾಶ್ವತವಾಗಿ ನಿಗದಿಯಾಯಿತು. ವಸೂಲಿ ಜಮೀನ್ದಾರನ ಕೈಗೆ ಹೋಯಿತು. ಸರ್ಕಾರಕ್ಕೆ ಹಳ್ಳಿಗೆ ಕಾಲಿಡುವ ಅಗತ್ಯವೇ ಉಳಿಯಲಿಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಶಾನುಭೋಗನ ಲೆಕ್ಕದ ಕಡತ ಇತ್ತು, ಪಟೇಲನಿದ್ದ, ಅಮಲ್ದಾರ ಬಂದು ಹೋಗುತ್ತಿದ್ದ. ಒಳ್ಳೆಯದೋ ಕೆಟ್ಟದ್ದೋ, ರೈತನಿಗೂ ಸರ್ಕಾರಕ್ಕೂ ಮುಖಪರಿಚಯವಿತ್ತು. ಬಿಹಾರದಲ್ಲಿ ರೈತನ ಪಾಲಿಗೆ ಸರ್ಕಾರ ಎಂದರೆ ಜಮೀನ್ದಾರನ ಲಾಠಿಯವನು. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಜಮೀನ್ದಾರಿ ಇದ್ದ ಜಿಲ್ಲೆಗಳು ಸ್ವಾತಂತ್ರ್ಯ ಬಂದು ದಶಕಗಳಾದರೂ ಬೆಳೆಯಲ್ಲಿ, ಶಾಲೆಯಲ್ಲಿ, ಆರೋಗ್ಯದಲ್ಲಿ ಹಿಂದೆಯೇ ಉಳಿದವೆಂದು ತೋರಿಸಿತು. 1950ರಲ್ಲಿ ಬಿಹಾರ ಜಮೀನ್ದಾರಿ ರದ್ದತಿಗೆ ಕಾನೂನು ತಂದಿತು. ದರ್ಭಂಗಾದ ಮಹಾರಾಜರು ನ್ಯಾಯಾಲಯಕ್ಕೆ ಹೋದರು, ಪಟ್ನಾ ಹೈಕೋರ್ಟು ಕಾನೂನನ್ನು ತಳ್ಳಿಹಾಕಿತು. ಅದನ್ನು ಉಳಿಸುವುದೂ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಗೆ ಒಂದು ಕಾರಣವಾಯಿತು. ಇಷ್ಟಾದರೂ ಭೂಮಿ ಉಳುವವನ ಹೆಸರಿಗೆ ಬರಲಿಲ್ಲ. ನಮ್ಮಲ್ಲಿ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದದ್ದು, ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದದ್ದು ಎಲ್ಲ ದೇವರಾಜ ಅರಸರ ಒಂದೇ ಅವಧಿಯಲ್ಲಿ. ಅದೇ ದಶಕದಲ್ಲಿ ಬಿಹಾರದಲ್ಲಿ ಕರ್ಪೂರಿ ಠಾಕೂರ್ ಎಂಬ ಕ್ಷೌರಿಕ ಸಮುದಾಯದ ಮುಖ್ಯಮಂತ್ರಿ 1978ರಲ್ಲಿ ಹಿಂದುಳಿದವರಿಗೆ ಮೀಸಲಾತಿ ತಂದರು. ಬೀದಿಯಲ್ಲಿ ಅವರ ತಾಯಿಯವರೆಗೂ ಬೈಗುಳ ಹೋಯಿತು. ಮರುವರ್ಷ ಕುರ್ಚಿ ಹೋಯಿತು. ಭೂಮಿಯ ಪ್ರಶ್ನೆಯನ್ನು ಮುಟ್ಟಲು ಅವರಿಗೆ ಕಾಲವೇ ಸಿಗಲಿಲ್ಲ. 2008ರಲ್ಲಿ ಡಿ. ಬಂದ್ಯೋಪಾಧ್ಯಾಯ ಆಯೋಗ ಗೇಣಿದಾರರಿಗೆ ರಕ್ಷಣೆ ಕೊಡಿ ಎಂದು ವರದಿ ಕೊಟ್ಟಾಗ, ಅದನ್ನು ಕೇಳಿ ಬರೆಸಿದ ನಿತೀಶ್ ಕುಮಾರರ ಸರ್ಕಾರವೇ ಪಕ್ಕಕ್ಕಿಟ್ಟಿತು.

ಬಿಹಾರಿಗಳು ಹೆಚ್ಚು ನೆನೆಯುವ ಕಾರಣ ಇನ್ನೊಂದಿದೆ: 1952ರ ಸರಕು ಸಾಗಣೆ ದರ ಸಮೀಕರಣ. ಅವರ ನೆಲದ ಅದಿರು, ಕಲ್ಲಿದ್ದಲು, ಉಕ್ಕು ಮುಂಬೈಗೂ ಚೆನ್ನೈಗೂ ಹೆಚ್ಚುಕಡಿಮೆ ಅದೇ ಬೆಲೆಗೆ ತಲುಪುವಂತೆ ಕೇಂದ್ರ ಮಾಡಿತು. ಗಣಿಯ ಪಕ್ಕದಲ್ಲಿ ಕಾರ್ಖಾನೆ ಕಟ್ಟಲು ಯಾರಿಗೂ ಕಾರಣ ಉಳಿಯಲಿಲ್ಲ. ನೀತಿ ನಲವತ್ತು ವರ್ಷ ನಡೆಯಿತು. ಅನ್ಯಾಯ ಹೌದು, ಅದರ ಲಾಭ ಉಂಡವರಲ್ಲಿ ನಾವು ದಕ್ಷಿಣದವರೂ ಇದ್ದೇವೆ. ಆದರೆ ಮೇಷ್ಟರಿಲ್ಲದ ಶಾಲೆಗೆ ಅದು ಉತ್ತರವಲ್ಲ. 2000ದಲ್ಲಿ ರಾಜ್ಯ ಒಡೆದಾಗ ಗಣಿಗಳೆಲ್ಲ ಜಾರ್ಖಂಡಿಗೆ ಹೋದವು; ಗಣಿ ಪಡೆದ ಜಾರ್ಖಂಡ್ ಉದ್ಧಾರವಾದದ್ದನ್ನೂ ಕಾಣೆ.

ಉತ್ತರ ಬಿಹಾರದ ನೆರೆಯನ್ನು ನಾವು ಪ್ರಕೃತಿ ವಿಕೋಪದ ಲೆಕ್ಕಕ್ಕೆ ಬರೆದುಬಿಡುತ್ತೇವೆ. 1954ರಲ್ಲಿ ಅಲ್ಲಿ ನದಿಗಳಿಗೆ ಇದ್ದ ಏರಿ 160 ಕಿಲೋಮೀಟರು, ನೆರೆಗೆ ಸಿಗುವ ಭೂಮಿ 25 ಲಕ್ಷ ಹೆಕ್ಟೇರು. ಇಂದು ಏರಿಯ ಉದ್ದ 3,700 ಕಿಲೋಮೀಟರಿಗೂ ಹೆಚ್ಚು. ನೆರೆಯ ಭೂಮಿ 68 ಲಕ್ಷ ಹೆಕ್ಟೇರು ದಾಟಿದೆ. ಹಿಮಾಲಯದಿಂದ ಹೂಳು ಹೊತ್ತು ತರುವ ಕೋಸಿಯಂಥ ನದಿಯನ್ನು ಎರಡು ದಂಡೆಗಳ ನಡುವೆ ಕಟ್ಟಿಹಾಕಿದರೆ ಹೂಳು ತಳದಲ್ಲೇ ಕೂತು ನದಿ ಸುತ್ತಲ ಹೊಲಕ್ಕಿಂತ ಎತ್ತರವಾಗುತ್ತದೆ. ಆಮೇಲೆ ಒಂದು ದಿನ ಒಡೆಯುತ್ತದೆ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡೆದಾಗ ಮೂವತ್ತು ಲಕ್ಷಕ್ಕೂ ಹೆಚ್ಚು ಜನರ ಬದುಕು ನೀರುಪಾಲಾಯಿತು. ದಿನೇಶ್ ಕುಮಾರ್ ಮಿಶ್ರಾ ಎಂಬ ಎಂಜಿನಿಯರ್ ಈ ಏರಿಗಳ ಕತೆಯನ್ನು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಎರಡು ಏರಿಗಳ ನಡುವೆ ಈಗಲೂ ಲಕ್ಷಾಂತರ ಜನ ವಾಸವಾಗಿದ್ದಾರೆ. ಪ್ರತಿ ಮಳೆಗಾಲಕ್ಕೂ ಮನೆಯ ಬಿದಿರು ತಟ್ಟಿಯನ್ನು ಬಿಚ್ಚಿ ದಂಡೆಯ ಮೇಲೆ ಸಾಗಿಸುವ ಇಂಥವರ ಮಗ ದುಡಿಮೆಗೆ ರೈಲು ಹತ್ತಿದರೆ ಅದನ್ನು ಸೋಮಾರಿತನ ಎನ್ನುವುದು ಹೇಗೆ?

2005ರಲ್ಲಿ ನಿತೀಶ್ ಸರ್ಕಾರ ಬಂದ ನಂತರ ಬದಲಾವಣೆಯಾಗಿದೆ. ಅದನ್ನು ಹೊರಗಿನವರು ಇನ್ನೂ ಸರಿಯಾಗಿ ನೋಡಿಲ್ಲ. 2006ರಲ್ಲಿ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು ಮೊದಲು ಕಾನೂನು ಮಾಡಿದ್ದು ಬಿಹಾರ. ಅದೇ ಹೊತ್ತಿಗೆ ಒಂಬತ್ತನೇ ತರಗತಿಗೆ ಬಂದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಇದರಿಂದ ಶೇ. 32ರಷ್ಟು ಏರಿತೆಂದು ಕಂಡುಕೊಂಡರು. 2001ರಲ್ಲಿ ಮೂವರಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಓದು ಬರುತ್ತಿತ್ತು. 2011ಕ್ಕೆ ಅರ್ಧದಷ್ಟು ಹೆಂಗಸರಿಗೆ. ನೀತಿ ಆಯೋಗದ ಲೆಕ್ಕದಲ್ಲಿ ಬಹುಮುಖಿ ಬಡತನ 2015–16ರಲ್ಲಿ ಶೇ. 51.89 ಇದ್ದದ್ದು 2019–21ಕ್ಕೆ ಶೇ. 33.76ಕ್ಕೆ ಇಳಿಯಿತು. ಇಳಿದ ಮೇಲೂ ಅದೇ ದೇಶದಲ್ಲಿ ಅತಿ ಹೆಚ್ಚು. 2016ರ ಪಾನನಿಷೇಧ ಹೆಂಗಸರ ಬೇಡಿಕೆಯಿಂದಲೇ ಬಂದದ್ದಾದರೂ ಕಳ್ಳಭಟ್ಟಿಯ ಸಾವುಗಳನ್ನು ತಂದಿತು. ಜೈಲು ತುಂಬಿದವರು ಮತ್ತೆ ಬಡವರೇ. ಉದ್ಯೋಗವಂತೂ ಹುಟ್ಟಲೇ ಇಲ್ಲ. ರಸ್ತೆ ಬಂತು, ಕರೆಂಟ್ ಬಂತು, ಅದೇ ರಸ್ತೆಯಲ್ಲಿ ಹುಡುಗರು ಸ್ಟೇಷನ್ನಿಗೆ ಹೋದರು.

ಅವರು ಹೋಗುವುದು ಇಂದು ನಿನ್ನೆಯದಲ್ಲ. 1834ರಿಂದ ಭೋಜ್‌ಪುರಿ ಸೀಮೆಯ ಜನ ಗಿರ್ಮಿಟ್ ಕರಾರಿಗೆ ಹೆಬ್ಬೆಟ್ಟು ಒತ್ತಿ ಮಾರಿಷಸ್ಸಿನ, ಆಮೇಲೆ ಟ್ರಿನಿಡಾಡ್, ಸುರಿನಾಮ್, ಫಿಜಿಯ ಕಬ್ಬಿನ ತೋಟಗಳಿಗೆ ಹೋದರು. ದುಡಿಯಲು ಹೋದ ಗಂಡ, ಕಾಯುವ ಹೆಂಡತಿಯ ಕತೆಯನ್ನು ಭಿಖಾರಿ ಠಾಕೂರ್ ‘ಬಿದೇಸಿಯಾ’ ನಾಟಕವಾಗಿ ಆಡಿಸಿದರು. ಮಾರಿಷಸ್ಸಿನಲ್ಲಿ ಹಾಗೆ ಹೋದವರ ಮಕ್ಕಳು ಮೊಮ್ಮಕ್ಕಳು ದೇಶವನ್ನೇ ಆಳಿದರು. ನಮ್ಮ ದೇಶದೊಳಗೆ ಮಾತ್ರ ಬಿಹಾರಿಗಳಿಗೆ ಬಿದ್ದದ್ದು ಏಟು. 2008ರಲ್ಲಿ ಮುಂಬೈಯಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರನ್ನು ಬಡಿದರು. 2018ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯಲ್ಲಿ ಮಗುವಿನ ಮೇಲಿನ ಅತ್ಯಾಚಾರಕ್ಕೆ ಒಬ್ಬ ಬಿಹಾರಿ ಸಿಕ್ಕಿಬಿದ್ದ; ಅದಕ್ಕೆ ಸಾವಿರಾರು ಜನ ಗಂಟುಮೂಟೆ ಕಟ್ಟಿ ಓಡಬೇಕಾಯಿತು. ನಮ್ಮಲ್ಲಿ 2020ರ ಮೇ ಮೊದಲ ವಾರ ಕಟ್ಟಡ ಉದ್ಯಮಿಗಳ ಜೊತೆ ಸಭೆಯಾದ ಮೇಲೆ ಸರ್ಕಾರ, ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳನ್ನು ರದ್ದು ಮಾಡಿತು. ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಹಿಂತೆಗೆಯಿತು. ಬಾಡಿಗೆಗೆ ಮನೆ ಕೊಡಲು ಬೇಡವಾದವರು ಸ್ಲ್ಯಾಬ್ ಹಾಕಲು ಬೇಕಾಗಿದ್ದರು.

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಗುಳೆ’ ಎಂಬ ಪದ ನಮ್ಮಲ್ಲೇ ಇದೆ. ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಗೋವಾಕ್ಕೆ ಹೋದವರನ್ನು ಅಲ್ಲಿ ‘ಘಾಟಿ’ ಎಂದು ಕರೆಯುವುದುಂಟು. ಅದು ಪ್ರೀತಿಯ ಮಾತಲ್ಲ. ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಗುಡಿಸಲುಗಳಿಗೆ ಬುಲ್ಡೋಜರ್ ಬಂದಾಗ ನಮಗೆ ಹೊಟ್ಟೆ ಉರಿದಿತ್ತು. 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು; ಅತಿ ಹಿಂದುಳಿದವುಗಳಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದಲ್ಲಿವೆ. ಹೈದರಾಬಾದ್ ನಿಜಾಮರ ಜಾಗೀರುಗಳಡಿ ಬಾಳಿದ ಕಲಬುರಗಿಗೂ ಮೈಸೂರಿಗೂ ಇರುವ ಅಂತರಕ್ಕೆ ಕಲಬುರಗಿಯವರ ಸ್ವಭಾವ ಕಾರಣ ಎಂದು ನಾವು ಒಪ್ಪುತ್ತೇವೆಯೇ?

ಇತಿಹಾಸದಲ್ಲಿ ಬಿಹಾರಕ್ಕೂ ಕರ್ನಾಟಕಕ್ಕೂ ನಡುವಿನ ದಾರಿಯಲ್ಲಿ ಜನ ಎರಡೂ ಕಡೆಗೆ ನಡೆದಿದ್ದಾರೆ. ಮಗಧದ ಅಶೋಕನ ಹೆಸರು ಸ್ಪಷ್ಟವಾಗಿ ಕೆತ್ತಿರುವ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹನ್ನೊಂದನೇ ಶತಮಾನದ ಕೊನೆಗೆ ಕರ್ಣಾಟ ಕುಲದ ನಾನ್ಯದೇವ ಉತ್ತರ ಬಿಹಾರದ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಅವನ ವಂಶ ಅಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಆಳಿತು. ಹೊರಗಿಂದ ಬಂದ ಆ ಕರ್ಣಾಟರನ್ನು ಮಿಥಿಲೆ ತನ್ನವರೆಂದೇ ನೆನಪಿಟ್ಟುಕೊಂಡಿದೆ.

ನನ್ನ ಉತ್ತರ ಇಷ್ಟು. ಬಿಹಾರವನ್ನು ಆಳಿದವರಿಗೆ, ಅವರಿಗಿಂತ ಮೊದಲು ಅದರ ಭೂಮಿಯನ್ನು ಹಿಡಿದು ಕೂತವರಿಗೆ ಆ ಕೆಟ್ಟ ಹೆಸರು ತಕ್ಕದ್ದೇ, ಸಾಲದೆಂದೂ ಹೇಳಬಹುದು. ಆದರೆ ಅವರು ಬಾಡಿಗೆ ಮನೆ ಹುಡುಕಿಕೊಂಡು ನಮ್ಮ ಬೀದಿಗೆ ಬರುವುದಿಲ್ಲ. ಬರುವವನು ಕಂಬಿ ಕಟ್ಟುವ ಹುಡುಗ.

ಅವನು ಈಗಲೂ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲೇ ಇದ್ದಾನೆ, ಇನ್ನು ಎಂಟು ಜನರ ಜೊತೆ. ಬೆಳಿಗ್ಗೆ ಆರಕ್ಕೆ ಎದ್ದು ಸ್ಟೀಲ್ ಚೊಂಬಿನಲ್ಲಿ ‘ಸತ್ತು’ ಕಲಸುತ್ತಾನೆ. ಹುರಿದ ಕಡಲೆಯ ಹಿಟ್ಟು, ನೀರು, ಉಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಸಿಕ್ಕರೆ ಅರ್ಧ ನಿಂಬೆಹಣ್ಣು. ನಮ್ಮ ಅಂಬಲಿಯ ಹಾಗೆ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಒಂದು ದಿನ ನನಗೂ ಒಂದು ಲೋಟ ಕೊಟ್ಟ. ಊರಲ್ಲಿ ಇದೇ ಕೆಲಸ ಸಿಗುವುದಿಲ್ಲವೇ ಎಂದು ಕೇಳಿದೆ. ಕೂಲಿ ಕಡಿಮೆ ಅನ್ನುವುದು ದೊಡ್ಡದಲ್ಲ, ತಿಂಗಳಲ್ಲಿ ಹತ್ತು ದಿನವೂ ಕೆಲಸ ಇರುವುದಿಲ್ಲ ಎಂದ. ಛಠ್ ಹಬ್ಬಕ್ಕೆ ಊರಿಗೆ ಹೊರಟಿದ್ದ. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ರಿಸರ್ವೇಶನ್ ಸಿಕ್ಕಿರಲಿಲ್ಲ. ಎರಡು ದಿನದ ದಾರಿ, ಜನರಲ್ ಬೋಗಿಯಲ್ಲಿ. ಹೆಂಡತಿ ನದಿಯಲ್ಲಿ ಸೊಂಟದುದ್ದ ನೀರಲ್ಲಿ ನಿಂತು, ಹಣ್ಣು ತುಂಬಿದ ಮೊರ ಹಿಡಿದು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡುವಾಗ ತಾನು ಪಕ್ಕದಲ್ಲಿರಬೇಕು ಎಂದ. ವಾಪಸ್ ಯಾವಾಗ ಎಂದೆ. ‘ಹಬ್ಬ ಮುಗಿದು ನಾಲ್ಕನೇ ದಿನ. ಆರನೇ ಮಹಡಿ ಸ್ಲ್ಯಾಬ್ ಇದೆ ಸರ್, ಮೇಸ್ತ್ರಿ ಕಾಯ್ತಿರ್ತಾರೆ’ ಎಂದು ಚೊಂಬು ತೊಳೆದಿಟ್ಟು ಮೇಲೆ ಹೋದ.